ಚಿತ್ರ ಕಲಿತ ಮಗು ಏನಾಗುವುದು?

ಕನ್ನಡನಾಡಿನ ಯಾವ ಶಾಲೆಗಾದರೂ ಹೋಗಿ, ಯಾವ ಮಗುವಿನ ಕೈಗಾದರೂ ಒಂದು ಬಿಳಿಯ ಹಾಳೆಯನ್ನು ಕೊಟ್ಟು, 'ನಿನಗೆ ತೋರಿದ ಚಿತ್ರ ಬರೆಯಪ್ಪ' ಎಂದು ಹೇಳಿ ನೋಡಿರಿ. ಬಹುಮಟ್ಟಿಗೆ ಎಲ್ಲ ಮಕ್ಕಳೂ ಬರೆಯುವುದು ಒಂದೇ ಚಿತ್ರ. ಎರಡು ತ್ರಿಕೋನದ ಬೆಟ್ಟಗಳು. ಅವುಗಳ ನಡುವೆ ಕಿರಣಗಳನ್ನು ಚೆಲ್ಲುತ್ತ ಮೂಡುವ ಅರ್ಧ ಸೂರ್ಯ. ಬೆಟ್ಟದ ಬುಡದಿಂದ ಹಾವಿನಂತೆ ಹರಿದು ಬರುವ ಹೊಳೆ. ಹೊಳೆಯ ದಡದಲ್ಲಿ ಹೆಂಚಿನ ಮನೆ. ಮನೆಯ ಮಗ್ಗುಲಲ್ಲಿ ಬಾಗಿದ ತೆಂಗಿನ ಮರ. ಆಕಾಶದಲ್ಲಿ ಇಂಗ್ಲಿಷಿನ 'ವಿ' ಅಕ್ಷರದಂಥ ನಾಲ್ಕಾರು ಹಕ್ಕಿಗಳು. ಇದರ ಹೆಸರು 'ಸೀನರಿ'.

ಗುಂಡ್ಲುಪೇಟೆಯ ಮಗುವೂ ಇದನ್ನೇ ಬರೆಯುವುದು ಎಂಬುದು ನಮ್ಮನ್ನು ಯೋಚನೆಗೆ ಹಚ್ಚುವ ಸಂಗತಿ. ಏಕೆಂದರೆ ಆ ಮಗು ಮನೆಯಿಂದ ಹೊರಗೆ ಬಂದರೆ ದಕ್ಷಿಣದ ಕಡೆಗೆ 1454 ಮೀಟರು ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಣ್ಣಿಗೆ ಬೀಳುವುದು. ಅದು ಉದ್ದಕ್ಕೆ ಮಲಗಿದ ಆನೆಯ ಬೆನ್ನಿನಂತೆ ಇರುವ ಬೆಟ್ಟ. ಬೆಳಗಿನಲ್ಲಿ ನೆತ್ತಿಯ ಮೇಲೆ ಮಂಜಿನ ಮುಸುಕು, ನಡುಹಗಲಿನಲ್ಲಿ ನೀಲಿ, ಸಂಜೆಗೆ ಬೂದುಗಪ್ಪು. ಚಾಮರಾಜನಗರದ ಮಗುವಿಗೆ ಮೂಡಣದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು. ಈ ಬೆಟ್ಟಗಳಲ್ಲಿ ಒಂದಾದರೂ ತ್ರಿಕೋನವಾಗಿಲ್ಲ. ಗುಂಡ್ಲು ಹೊಳೆಯಲ್ಲಿ ವರ್ಷದ ಬಹುಭಾಗ ನೀರೇ ಕಾಣುವುದಿಲ್ಲ. ಆದರೂ ಹಾಳೆಯ ಮೇಲೆ ಬೆಟ್ಟ ತ್ರಿಕೋನವೇ ಆಗುವುದು, ಹೊಳೆ ತುಂಬಿಯೇ ಹರಿಯುವುದು. ಕಣ್ಣು ಕಂಡದ್ದನ್ನು ಕೈ ಬರೆಯುತ್ತಿಲ್ಲ. ಯಾರೋ ಎಂದೋ ಬರೆದುಕೊಟ್ಟದ್ದನ್ನು ಬರೆಯುತ್ತಿದೆ. ಚಿತ್ರಕಲೆಯ ಶಿಕ್ಷಣವೆಂಬುದು ಪ್ರಾರಂಭವಾಗಬೇಕಾದ ಸ್ಥಳ ಇದು. ನಮ್ಮ ಪ್ರೌಢಶಾಲೆಗಳಲ್ಲಿ ಅದು ಬಹಳ ಸಲ ನಿಂತುಹೋಗುವ ಸ್ಥಳವೂ ಇದೇ.

ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಮಕ್ಕಳಲ್ಲಿ ಒಂದು ಬದಲಾವಣೆ ಉಂಟಾಗುವುದನ್ನು ಮೇಷ್ಟ್ರುಗಳೆಲ್ಲ ಬಲ್ಲರು. ಆರು ವರ್ಷದ ಮಗು ತಾನು ಬರೆದ ಕುದುರೆ ಕತ್ತೆಯಂತಿದ್ದರೂ ಹಿಗ್ಗಿನಿಂದ ಊರಿಗೆಲ್ಲ ತೋರಿಸುವುದು. ಹದಿಮೂರು ಹದಿನಾಲ್ಕರ ಹುಡುಗನಿಗೆ ತನ್ನ ಕುದುರೆ ಕತ್ತೆಯಂತಿದೆ ಎಂದು ತಾನೇ ತಿಳಿಯುವುದು. ಅವನ ಕಣ್ಣು ಬೆಳೆದಿದೆ, ಕೈ ಬೆಳೆದಿಲ್ಲ. ಆ ಹೊತ್ತಿನಲ್ಲಿ ಕೈಹಿಡಿದು ದಾರಿ ತೋರಿಸುವವರು ಇದ್ದರೆ ಕೈಯೂ ಕಣ್ಣಿನ ಸಮಕ್ಕೆ ಬರುವುದು. ಇಲ್ಲವಾದರೆ 'ನನಗೆ ಚಿತ್ರ ಬಾರದು' ಎಂಬ ತೀರ್ಮಾನಕ್ಕೆ ಹುಡುಗನು ಬಂದುಬಿಡುವನು. ಆಮೇಲೆ ಅರವತ್ತು ವರ್ಷ ಬದುಕಿದರೂ ಆ ತೀರ್ಮಾನ ಬದಲಾಗುವುದು ಅಪರೂಪ. ಈ ಲೇಖನವನ್ನು ಓದುತ್ತಿರುವವರಲ್ಲಿ ಎಷ್ಟು ಮಂದಿಗೆ ಹಾಗೆ ಆಗಿದೆಯೋ, ಅವರವರೇ ನೆನಪು ಮಾಡಿಕೊಳ್ಳಬಹುದು.

ಆದರೆ ಆ ವಯಸ್ಸಿನಲ್ಲಿಯೇ ವೇಳಾಪಟ್ಟಿಯ ಚಿತ್ರಕಲೆಯ ಪೀರಿಯಡ್ಡು ಗಣಿತಕ್ಕೆ ಸಾಲವಾಗಿ ಹೋಗುವುದು. ಈ ಸಾಲ ಹಿಂದಿರುಗಿ ಬಂದದ್ದುಂಟೆ? ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಟ್ಟು ಅಂಕಗಳಲ್ಲಿ ಚಿತ್ರಕಲೆಗೆ ಸ್ಥಾನವಿಲ್ಲದಿರುವುದರಿಂದ ಯಾರೂ ಅದನ್ನು ಕೇಳುವುದೂ ಇಲ್ಲ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಯೇ ಇಲ್ಲ, ಇದ್ದಲ್ಲಿ ಖಾಲಿ, ಭರ್ತಿಯಾದಲ್ಲಿ ಆ ಮೇಷ್ಟ್ರು ಶಾಲೆಯ ನಾಮಫಲಕ, ವಾರ್ಷಿಕೋತ್ಸವದ ಪರದೆ, ಅತಿಥಿಗಳಿಗೆ ಸ್ವಾಗತ ಕೋರುವ ಬಣ್ಣದ ಸೀಮೆಸುಣ್ಣದ ಅಕ್ಷರ ಇವುಗಳಲ್ಲಿಯೇ ಕಳೆದುಹೋಗುವರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೆಯ ತರಗತಿಯವರೆಗೆ ಕಲಿಸಲೇಬೇಕಾದ ವಿಷಯವೆಂದು ಪರಿಗಣಿಸಿತು. 2020ರ ಶಿಕ್ಷಣ ನೀತಿ ಕಲೆಗೂ ವಿಜ್ಞಾನಕ್ಕೂ ನಡುವೆ ಗೋಡೆ ಇರಕೂಡದೆಂದಿತು. ಕಾಗದದ ಮೇಲೆ ಚಿತ್ರಕಲೆಗೆ ಬಂದಿರುವ ಮರ್ಯಾದೆಗೆ ಏನೂ ಕೊರತೆಯಿಲ್ಲ.

ತಂದೆತಾಯಿಗಳ ಪ್ರಶ್ನೆಯಾದರೋ ಇನ್ನೂ ನೇರವಾದದ್ದು. 'ಚಿತ್ರ ಬರುದ್ರ ಹೊಟ್ಟ ತುಂಬುದಾ ಸಾ? ಲೆಕ್ಕನಾರ ಕಲೀಲಿ ಅತ್ತ' ಎಂದು ಆ ಕಡೆಯ ರೈತ ತಂದೆಯೊಬ್ಬನು ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಮಳೆಯನ್ನು ನಂಬಿ ಅರಿಸಿನ ಬೆಳೆದು, ಬೆಲೆ ಕುಸಿದಾಗ ಸಾಲಕ್ಕೆ ಸಿಕ್ಕಿ, ಮಗನಾದರೂ ನೆರಳಿನಲ್ಲಿ ಕುಳಿತು ದುಡಿಯಲೆಂದು ಶಾಲೆಗೆ ಕಳುಹಿಸಿದವನ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡದೆ ಕಲೆಯ ಮಹಿಮೆಯನ್ನು ಹಾಡುವುದರಿಂದ ಪ್ರಯೋಜನವಿಲ್ಲ. ಉತ್ತರಕ್ಕೆ ಬರುವ ಮೊದಲು, ಕಲಿಸುವುದು ಏನನ್ನು ಎಂಬುದನ್ನು ನೋಡೋಣ.

ಮೇಲುಪಂಕ್ತಿಯ ಕಾಲ

ಶಾಲೆಯಲ್ಲಿ ಚಿತ್ರ ಕಲಿಸುವ ಪದ್ಧತಿ ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಮದರಾಸಿನಲ್ಲಿ 1850ರಲ್ಲಿ, ಕಲ್ಕತ್ತೆಯಲ್ಲಿ 1854ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ಕಲಾಶಾಲೆಗಳು ಹುಟ್ಟಿದವು. ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ರೂಪುಗೊಂಡ ಪಾಠಕ್ರಮವೇ ಇಲ್ಲಿಗೂ ಬಂದಿತು. ಮೊದಲು ಸರಳ ರೇಖೆ, ಆಮೇಲೆ ವಕ್ರ ರೇಖೆ, ಆಮೇಲೆ ಅಚ್ಚಿನ ಹಾಳೆಯಲ್ಲಿರುವ ಎಲೆಬಳ್ಳಿಯನ್ನು ಕೂದಲೆಳೆಯಷ್ಟೂ ತಪ್ಪದಂತೆ ನಕಲು ಮಾಡುವುದು, ಕೊನೆಗೆ ಸುಣ್ಣದ ಬೊಂಬೆಯನ್ನು ನೋಡಿ ಬರೆಯುವುದು. ಕೈಗಾರಿಕೆಗೆ ಬೇಕಾದ ಕೈಗಳನ್ನು ತಯಾರಿಸುವುದು ಆ ಕ್ರಮದ ಗುರಿ. ಅದರಲ್ಲಿ ಶಿಸ್ತು ಇತ್ತು. ಆದರೆ ಕಲ್ಕತ್ತೆಯ ಹುಡುಗನೂ ಗ್ರೀಕರ ಎಲೆಬಳ್ಳಿಯನ್ನೇ ತಿದ್ದುತ್ತಿದ್ದನು. ಇ. ಬಿ. ಹ್ಯಾವೆಲ್ಲರೂ ಅವನೀಂದ್ರನಾಥ ಠಾಕೂರರೂ ಈ ಪದ್ಧತಿಯ ವಿರುದ್ಧ ಹೊರಟದ್ದು, ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾದದ್ದು ಇವೆಲ್ಲ ವಾಚಕರಿಗೆ ತಿಳಿದ ಕಥೆ.

ಮೈಸೂರು ಸಂಸ್ಥಾನದಲ್ಲಿ ಕಲೆ ಮತ್ತು ಕಸುಬುಗಳನ್ನು ಕ್ರಮವಾಗಿ ಕಲಿಸುವುದಕ್ಕೆಂದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಸ್ತಿಭಾರ ಹಾಕಿದರು. 1913ರಲ್ಲಿ ಅದು ಪ್ರಾರಂಭವಾಯಿತು. ಬೆಂಗಳೂರಿನಲ್ಲಿ ಎ. ಎನ್. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ಸ್ಥಾಪಿಸಿದರು. ಪ್ರೌಢಶಾಲೆಗಳ ಡ್ರಾಯಿಂಗ್ ಮೇಷ್ಟ್ರುಗಳು ತಯಾರಾದದ್ದು ಇಂಥ ಸಂಸ್ಥೆಗಳಿಂದ. 'ಲೋಯರ್ ಗ್ರೇಡ್', 'ಹೈಯರ್ ಗ್ರೇಡ್' ಎಂಬ ಚಿತ್ರಕಲಾ ಪರೀಕ್ಷೆಗಳು ಇಂದಿಗೂ ರಾಜ್ಯದ ಪರೀಕ್ಷಾ ಮಂಡಲಿಯಿಂದ ನಡೆಯುತ್ತಿರುವುದು ಆ ಪರಂಪರೆಯ ಉಳಿಕೆ. ಈ ಪರೀಕ್ಷೆಗಳನ್ನು ಹಳೆಯ ಕಾಲದ ಗೊಡ್ಡು ಎಂದು ಹಳಿಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಹಳ್ಳಿಯ ಹುಡುಗಿಯೊಬ್ಬಳು ಪೇಟೆಗೆ ಬಂದು, ಅಪರಿಚಿತ ಹಾಲಿನಲ್ಲಿ ಕುಳಿತು, ಎದುರಿಗಿಟ್ಟ ಬಿಂದಿಗೆಯನ್ನು ಗಡಿಯಾರದ ಮುಂದೆ ಬರೆದು ಮುಗಿಸಿ, ತನ್ನ ಹೆಸರಿನ ಒಂದು ಪ್ರಮಾಣಪತ್ರವನ್ನು ಪಡೆಯುವುದು ಸಣ್ಣ ಸಂಗತಿಯಲ್ಲ.

ಇದಕ್ಕೆ ಎದುರಾದ ಇನ್ನೊಂದು ಪಂಥವೂ ಉಂಟು. ವಿಯೆನ್ನಾದ ಫ್ರಾನ್ಸ್ ಚಿಜೆಕ್ ಎಂಬಾತನು 1897ರಲ್ಲಿ ಮಕ್ಕಳ ಕಲಾತರಗತಿಯನ್ನು ತೆರೆದು, ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ ಎಂಬ ವಾದವನ್ನು ಲೋಕಕ್ಕೆ ಹರಡಿದನು. ಚಿಕ್ಕ ಮಕ್ಕಳ ವಿಷಯದಲ್ಲಿ ಅದು ಚಿನ್ನದಂಥ ಮಾತು. ಆದರೆ ಹದಿನಾಲ್ಕರ ಹುಡುಗನನ್ನು ಅವನ ಪಾಡಿಗೆ ಬಿಟ್ಟರೆ ಅವನು ಎರಡು ಬೆಟ್ಟ ಮತ್ತು ಸೂರ್ಯನನ್ನೇ ಬರೆಯುವನು! ನಮ್ಮವರೇ ಆದ ದೇವಿಪ್ರಸಾದರು ಶಾಂತಿನಿಕೇತನದಲ್ಲಿ ನಂದಲಾಲ ಬೋಸರ ಬಳಿ ಕಲಿತು, 1944ರಲ್ಲಿ ಗಾಂಧೀಜಿಯವರ ಸೇವಾಗ್ರಾಮಕ್ಕೆ ಹೋಗಿ, ಅಲ್ಲಿಯ ಶಾಲೆಯಲ್ಲಿ ಕಲೆಯನ್ನು ಕಸುಬಿನೊಡನೆ ಸೇರಿಸಿ ಕಲಿಸಿದರು. ನಮ್ಮ ಹಳ್ಳಿಪೇಟೆಗಳ ಶಾಲೆಗೆ ಅದು ಹೆಚ್ಚು ಹತ್ತಿರದ ದಾರಿ.

ಚೊಂಬಿನ ಪಾಠ

ಚಿತ್ರ ಮತ್ತು ವಿನ್ಯಾಸ ಇವೆರಡರ ವ್ಯತ್ಯಾಸವನ್ನು ತಿಳಿಸುವುದಕ್ಕೆ ಒಂದು ಹಿತ್ತಾಳೆಯ ಚೊಂಬು ಸಾಕು. ಅದನ್ನು ಮೇಜಿನ ಮೇಲಿಟ್ಟು ಬರೆಯಲು ಹೇಳಿದರೆ, ಬಾಯಿಯನ್ನು ಅಂಡಾಕಾರವಾಗಿ ಬರೆದ ಹುಡುಗನೇ ಬುಡವನ್ನು ಅಡಿಕೋಲಿನಿಂದ ಎಳೆದಂತೆ ನೆಟ್ಟಗೆ ಬರೆಯುವನು. ಏಕೆ? ಚೊಂಬು ಮೇಜಿನ ಮೇಲೆ ಸಮನಾಗಿ ಕುಳಿತಿದೆ ಎಂಬುದು ಅವನಿಗೆ ಗೊತ್ತು. ಗೊತ್ತಿರುವುದನ್ನು ಬರೆದನೇ ಹೊರತು ಕಂಡದ್ದನ್ನು ಬರೆಯಲಿಲ್ಲ. ಮೇಷ್ಟ್ರು ಚೊಂಬನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆ ಎತ್ತಬೇಕು. ಕಣ್ಣಿನ ಮಟ್ಟಕ್ಕೆ ಬರುತ್ತ ಬಾಯಿಯ ಅಂಡಾಕಾರ ಸಣ್ಣದಾಗಿ, ಸಣ್ಣದಾಗಿ, ಕೊನೆಗೆ ಒಂದು ಗೆರೆಯಾಗುವುದು. ಇನ್ನೂ ಎತ್ತಿದರೆ ಬಾಯಿ ಮರೆಯಾಗಿ ಬುಡ ದುಂಡಗೆ ಕಾಣುವುದು. ಆಗ ತರಗತಿಯಲ್ಲಿ ಏಳುವ ಸಣ್ಣ ಗುಲ್ಲನ್ನು ಕೇಳಿದ ಮೇಷ್ಟ್ರಿಗೆ ಆ ದಿನದ ಸಂಬಳ ಬಂದಂತೆ. ಚಾಮರಾಜನಗರದ ಮಕ್ಕಳಿಗಾದರೆ ಇದೇ ಪಾಠದ ಮುಂದಿನ ಭಾಗ ರೈಲು ನಿಲ್ದಾಣದಲ್ಲಿದೆ. ಮೈಸೂರಿನಿಂದ ಬರುವ ಹಳಿ ಅಲ್ಲಿಗೆ ಮುಗಿಯುವುದು. ಪ್ಲಾಟ್‌ಫಾರಂ ಮೇಲೆ ನಿಂತು ಬಂದ ದಾರಿಯನ್ನು ನೋಡಿದರೆ, ಎಂದೂ ಕೂಡದ ಎರಡು ಕಂಬಿಗಳು ದೂರದಲ್ಲಿ ಕೂಡಿದಂತೆ ತೋರುವುವು. ಹದಿನೈದನೆಯ ಶತಮಾನದ ಆದಿಯಲ್ಲಿ ಫ್ಲಾರೆನ್ಸಿನ ಬ್ರುನೆಲೆಸ್ಕಿ ಕನ್ನಡಿ ಹಿಡಿದು ತೋರಿಸಿಕೊಟ್ಟ ಮರ್ಮ ಇದೇ.

ಇಷ್ಟು ಚಿತ್ರದ ಪಾಠವಾಯಿತು. ವಿನ್ಯಾಸದ ಪಾಠ ಇನ್ನೊಂದು ಪ್ರಶ್ನೆಯಿಂದ ಹೊರಡುವುದು: ಈ ಚೊಂಬು ಹೀಗೇಕೆ ಇದೆ? ಕತ್ತು ಏಕೆ ಸಣ್ಣ? ತುಟಿ ಏಕೆ ಹೊರಕ್ಕೆ ಬಾಗಿದೆ? ಹೊಟ್ಟೆಯ ಅತಿ ಅಗಲದ ಜಾಗ ನಡುವಿನಲ್ಲಿದೆಯೋ, ಕೆಳಗಿದೆಯೋ? ತುಂಬಿದಾಗ ಒಂದು ಕೈಯಲ್ಲಿ ಹಿಡಿಯಬಹುದೆ? ಹುಣಿಸೆಹಣ್ಣು ಹಾಕಿ ಬೆಳಗುವಾಗ ಒಳಕ್ಕೆ ಕೈ ಹೋಗುವುದೆ? ಅಮೆರಿಕೆಯ ಪ್ರಸಿದ್ಧ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಆಹ್ವಾನದಂತೆ ದೇಶವನ್ನು ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ತಾವು ಕಂಡ ವಸ್ತುಗಳಲ್ಲೆಲ್ಲ ಅತ್ಯುತ್ತಮವಾದದ್ದೆಂದು ಅವರು ಕೊಂಡಾಡಿದ್ದು ತಾಜಮಹಲನ್ನಲ್ಲ, ನಮ್ಮ ಈ ಚೊಂಬನ್ನು. ಒಂದು ಚೊಂಬನ್ನು ಹೊಸದಾಗಿ ಮಾಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಆ ವರದಿ ಸಾಲಾಗಿ ಇಡುವುದು. ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ದೇಶದ ದೊಡ್ಡ ವಿನ್ಯಾಸ ಶಾಲೆಯ ಬುಡದಲ್ಲಿ ಒಂದು ಚೊಂಬು ಇದೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಹೇಳಿದ ಮೇಲೆ ಕೆಲಸ ಕೊಡಬೇಕು. 'ಕೈ ನಡುಗುವ ನಿಮ್ಮ ಅಜ್ಜಿಗೆ ನೀರು ಕುಡಿಯಲು ಒಂದು ಪಾತ್ರೆಯನ್ನು ಯೋಚಿಸಿ ಬರೆದು ತನ್ನಿ.' ಬುಡ ಅಗಲವಾಗಲಿ ಎನ್ನುವವರು ಒಬ್ಬರು, ಎರಡು ಹಿಡಿ ಇರಲಿ ಎನ್ನುವವರು ಒಬ್ಬರು, ಭಾರ ಕಡಮೆಯಾಗಲಿ ಎನ್ನುವವರು ಇನ್ನೊಬ್ಬರು. ಬರೆದದ್ದನ್ನು ಜೇಡಿಮಣ್ಣಿನಲ್ಲಿ ಮಾಡಿ ನೋಡಿದಾಗ ಎಷ್ಟೋ ಜಾಣತನ ಕುಸಿದು ಬೀಳುವುದು. ತಿದ್ದಿ ಮತ್ತೆ ಮಾಡಬೇಕಾಗುವುದು. ವಿನ್ಯಾಸವೆಂದರೆ ಅಂಚಿನಲ್ಲಿ ಬಳ್ಳಿ ಬರೆಯುವುದಲ್ಲ ಎಂಬುದು ಆಗ ತಾನಾಗಿಯೇ ಮನವರಿಕೆಯಾಗುವುದು.

ಹೊಲದಲ್ಲಿ ಬೆಳೆಯುವ ಬಣ್ಣ

'ಬಣ್ಣ ಕೊಳ್ಳಲು ದುಡ್ಡಿಲ್ಲ' ಎಂಬ ಮಾತು ಹಳ್ಳಿಯ ಶಾಲೆಗಳಲ್ಲಿ ಸಹಜ. ಆದರೆ ಈ ಎರಡು ತಾಲ್ಲೂಕುಗಳ ಮಣ್ಣೇ ಬಣ್ಣದ ಅಂಗಡಿ. ಮುಂಗಾರಿನ ದಿನಗಳಲ್ಲಿ ಗುಂಡ್ಲುಪೇಟೆಯ ರಸ್ತೆಯ ಇಕ್ಕೆಲಗಳಲ್ಲಿ ಚೆಂಡುಹೂವು, ಸೂರ್ಯಕಾಂತಿಗಳ ಹೊಲಗಳು ಹರಡಿಕೊಂಡು, ಕೇರಳದಿಂದ ಬರುವ ಕಾರುಗಳೆಲ್ಲ ಅಲ್ಲಿ ನಿಂತು ಫೋಟೋ ತೆಗೆದುಕೊಂಡು ಹೋಗುವುವು. ಆ ಚೆಂಡುಹೂವಿನ ಬಹುಭಾಗ ದೇವರಿಗೆ ಏರದೆ, ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ ಹೋಗುವುದು. ಕೋಳಿಯ ಆಹಾರಕ್ಕೆ ಅದನ್ನು ಬೆರೆಸಿದರೆ ಮೊಟ್ಟೆಯ ಭಂಡಾರ ಒಳ್ಳೆಯ ಹಳದಿಯಾಗುವುದಂತೆ! ಹೂವಿನ ಎಸಳನ್ನು ಕುದಿಸಿ, ಸ್ವಲ್ಪ ಪಟಿಕದ ಪುಡಿ ಹಾಕಿದರೆ ಬಿಳಿಯ ಬಟ್ಟೆಗೆ ನಿಲ್ಲುವ ಹಳದಿ ಬಣ್ಣ ಸಿದ್ಧ.

ಚಾಮರಾಜನಗರದ ಅರಿಸಿನವಂತೂ ಇನ್ನೂ ಸೊಗಸಾದ ಪಾಠ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ಆರತಿಯ ತಟ್ಟೆಯ ಓಕುಳಿಯನ್ನು ನೋಡದ ಮಗುವಿಲ್ಲ. ಅದಕ್ಕೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ವಿಜ್ಞಾನದ ಮೇಷ್ಟ್ರು ಇದನ್ನೇ ಆಮ್ಲ, ಪ್ರತ್ಯಾಮ್ಲಗಳ ಸೂಚಕವೆಂದು ಪಕ್ಕದ ಕೊಠಡಿಯಲ್ಲಿ ಕಲಿಸುತ್ತಿರುವರು. ಇಬ್ಬರು ಮೇಷ್ಟ್ರುಗಳೂ ಒಂದು ದಿನ ಒಂದೇ ಕೊಠಡಿಯಲ್ಲಿ ಪಾಠ ಮಾಡಿದರೆ ಯಾವ ಪೀರಿಯಡ್ಡೂ ಯಾರಿಗೂ ಸಾಲ ಹೋಗಬೇಕಾಗಿಲ್ಲ. ಅರಿಸಿನದ ಚಿತ್ರವನ್ನು ಅರ್ಧ ಮುಚ್ಚಿ ಬಿಸಿಲಿನಲ್ಲಿ ವಾರ ಕಾಲ ಇಟ್ಟರೆ, ಬಿಸಿಲು ತಿಂದ ಅರ್ಧ ಬಿಳಿಚಿಕೊಳ್ಳುವುದು. ಕೆಮ್ಮಣ್ಣಿನ ಚಿತ್ರಕ್ಕೆ ಏನೂ ಆಗದು. ಗುಹೆಗಳ ಚಿತ್ರಗಳು ಸಾವಿರಾರು ವರ್ಷ ಏಕೆ ಉಳಿದವು ಎಂಬುದಕ್ಕೆ ಬೇರೆ ವಿವರಣೆ ಬೇಡ. ನಂದಲಾಲ ಬೋಸರು 1938ರ ಹರಿಪುರ ಕಾಂಗ್ರೆಸ್ಸಿಗಾಗಿ ಹಳ್ಳಿಯ ಬಾಳಿನ ಚಿತ್ರಗಳನ್ನು ಬರೆದಾಗಲೂ ಬಳಸಿದ್ದು ಇಂಥ ಮಣ್ಣಿನ ಬಣ್ಣಗಳನ್ನೇ.

ಇದ್ದಲಿನ ಕಡ್ಡಿಗೂ ಪೇಟೆಗೆ ಹೋಗಬೇಕಾಗಿಲ್ಲ. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟು, ಆ ಇದ್ದಲಿನಿಂದಲೇ ಮೊದಲ ಗೆರೆಗಳನ್ನು ಎಳೆಯುತ್ತಿದ್ದರು. ಶಾಲೆಯಲ್ಲಿ ಹಳೆಯ ಡಬ್ಬಿಯೊಂದಕ್ಕೆ ಸಿಪ್ಪೆ ತೆಗೆದ ಹುಣಿಸೆ ಕಡ್ಡಿಗಳನ್ನು ಇಡಿಕಿರಿದು ತುಂಬಿ, ಮುಚ್ಚಳದಲ್ಲಿ ಮೊಳೆಯಷ್ಟು ತೂತು ಮಾಡಿ ಬೆಂಕಿಯಲ್ಲಿಟ್ಟರೆ, ತೂತಿನಿಂದ ಹೊಗೆ ನಿಂತಾಗ ಕಡ್ಡಿ ಇದ್ದಲಾಗಿರುವುದು. ಆರುವ ಮುನ್ನ ಮುಚ್ಚಳ ತೆಗೆದರೆ ಮಾತ್ರ ಗಾಳಿ ತಾಗಿ ಎಲ್ಲವೂ ಬೂದಿ. ತಾಳ್ಮೆಯಿಲ್ಲದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ!

ಬಣ್ಣಗಳು ಒಂದರ ಪಕ್ಕದಲ್ಲಿ ಒಂದು ಕುಳಿತಾಗ ಏನಾಗುವುದೆಂಬುದನ್ನು ಕಲಿಯುವುದಕ್ಕೆ ಕೊಳ್ಳೇಗಾಲದ ರೇಷ್ಮೆ ಸೀರೆಯ ಅಂಚು, ಒಡಲುಗಳೇ ಸಾಕು. ಪ್ಯಾರಿಸಿನ ಗೋಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ ಒಮ್ಮೆ ದೂರು ಬಂದಿತು: ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲವೆಂದು. ಪರೀಕ್ಷಿಸಿ ನೋಡಿದರೆ ನೂಲಿನಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ಊದಾ ಬಣ್ಣಗಳು ಕಪ್ಪನ್ನು ಕೆಡಿಸಿ ತೋರಿಸುತ್ತಿದ್ದವು. ಈ ಒಂದು ದೂರಿನ ಬೆನ್ನು ಹತ್ತಿ ಅವನು 1839ರಲ್ಲಿ ಬಣ್ಣಗಳ ಪರಸ್ಪರ ಪ್ರಭಾವವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದನು. ನಮ್ಮ ತಾಯಂದಿರು ಅಂಗಡಿಯಲ್ಲಿ ಸೀರೆಯನ್ನು ಬಿಡಿಸಿ, ಬಾಗಿಲ ಬೆಳಕಿಗೆ ಒಯ್ದು, ರವಕೆಯ ಬಟ್ಟೆಯನ್ನು ಪಕ್ಕದಲ್ಲಿಟ್ಟು ಮೂರು ಸಲ ನೋಡುವುದೂ ಅದೇ ಶಾಸ್ತ್ರ. ಅಂಗಡಿಯವನ ತಾಳ್ಮೆ ಕೆಡುವುದು ಬೇರೆ ಮಾತು.

ಬಾಗಿಲ ಮುಂದಿನ ರಂಗೋಲಿಯನ್ನು 'ಹೆಂಗಸರ ಕೆಲಸ' ಎಂದು ತರಗತಿಯಿಂದ ಹೊರಗಿಡುವುದೂ ಸರಿಯಲ್ಲ. ಮದರಾಸಿನ ಗಿಫ್ಟ್ ಸಿರೋಮನಿ ಮೊದಲಾದ ವಿದ್ವಾಂಸರು 1974ರಲ್ಲಿ ಚುಕ್ಕಿಯ ಕೋಲಂಗಳ ರಚನೆಯನ್ನು ಗಣಕಶಾಸ್ತ್ರದ ವ್ಯಾಕರಣಕ್ಕೆ ಅಳವಡಿಸಿ ಪ್ರಬಂಧ ಬರೆದರು. ಏಳು ಚುಕ್ಕಿಯಿಂದ ಒಂದು ಚುಕ್ಕಿಯವರೆಗೆ ಇಳಿಸಿ, ಕೈ ಎತ್ತದೆ ಬಳ್ಳಿ ಸುತ್ತುವ ಹುಡುಗಿಗೆ ಸಮಮಿತಿಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ; ಅವಳು ಮಾಡುತ್ತಿರುವುದಕ್ಕೆ ಆ ಹೆಸರು ಇದೆ ಎಂದು ತಿಳಿಸಿದರೆ ಸಾಕು.

ಅಕ್ಷರ, ಕಲ್ಲು, ಲಂಟಾನ

ಗುಂಡ್ಲುಪೇಟೆ ಮೂರು ರಾಜ್ಯಗಳು ಕೂಡುವ ಊರು. ಒಂದು ಹೆದ್ದಾರಿ ಕೋಳಿಕ್ಕೋಡಿಗೆ, ಇನ್ನೊಂದು ಊಟಿಯ ಮಾರ್ಗವಾಗಿ ಕೊಯಮತ್ತೂರಿಗೆ. ಹೋಟೆಲುಗಳ ಮುಂದೆ ಕನ್ನಡ, ಮಲಯಾಳ, ತಮಿಳು, ಇಂಗ್ಲಿಷು ನಾಲ್ಕು ಲಿಪಿಗಳ ಫಲಕಗಳು. ಅಕ್ಷರ ವಿನ್ಯಾಸವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಬೀದಿ ಎಲ್ಲಿದೆ? ಒಂದೇ ಫಲಕದ ಮೇಲೆ 'ಚಾಮರಾಜನಗರ', 'ಗುಂಡ್ಲುಪೇಟೆ' ಎಂದು ಎರಡು ಸಾಲು ಬರೆಯಲು ಹೇಳಿ ನೋಡಿ. ಮೊದಲನೆಯದರಲ್ಲಿ ಏಳು ಅಕ್ಷರ, ಒಂದಕ್ಕೂ ಒತ್ತಿಲ್ಲ. ಎರಡನೆಯದರಲ್ಲಿ ನಾಲ್ಕೇ ಅಕ್ಷರ. ಆದರೆ 'ಡ್ಲು' ಕೆಳಕ್ಕೆ ಇಳಿದು ಜಾಗ ಕೇಳುವುದು. ಎರಡೂ ಸಾಲು ಒಂದೇ ಅಳತೆಯಲ್ಲಿ ಕಾಣಬೇಕು, ಓಡುವ ಬಸ್ಸಿನಿಂದ ಓದಲು ಬರಬೇಕು. ಈ ಕಷ್ಟವನ್ನು ಬ್ರಷ್ಷಿನ ಕಲಾವಿದರು ಕಣ್ಣಳತೆಯಿಂದಲೇ ಬಿಡಿಸುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರ ಕಸುಬು ಬಡವಾಯಿತು, ಫಲಕಗಳೂ ಬಡವಾದವು. ಊರಿನಲ್ಲಿ ಉಳಿದಿರುವ ಹಿರಿಯ ಫಲಕ ಬರಹಗಾರರೊಬ್ಬರನ್ನು ಶಾಲೆಗೆ ಕರೆದು, ಒಂದು ಗಂಟೆ ಬ್ರಷ್ಷು ಹಿಡಿಸಿದರೆ ಮಕ್ಕಳಿಗೂ ಲಾಭ, ಅವರಿಗೂ ಗೌರವ.

ಪ್ರವಾಸಕ್ಕೆ ದೂರ ಹೋಗಬೇಕಾಗಿಲ್ಲ. ಚಾಮರಾಜನಗರದ ಚಾಮರಾಜೇಶ್ವರ ದೇವಾಲಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರಿನಲ್ಲಿ 1826ರಲ್ಲಿ ಕಟ್ಟಿಸಿದರು. ಅಲ್ಲಿಯವರೆಗೆ ಅರಿಕುಠಾರವೆಂದಿದ್ದ ಊರಿಗೆ 1818ರಲ್ಲಿ ಹೊಸ ಹೆಸರು ಕೊಟ್ಟವರೂ ಅವರೇ. ಮೈಸೂರು ಚಿತ್ರಶೈಲಿಗೆ ಪೋಷಕರಾಗಿ 'ಶ್ರೀತತ್ತ್ವನಿಧಿ'ಯಂಥ ಸಚಿತ್ರ ಗ್ರಂಥವನ್ನು ರಚಿಸಿದವರೂ ಅವರೇ. 2017ರಲ್ಲಿ ಇಲ್ಲಿಯ ರಥ ಬೆಂಕಿಗೆ ಸಿಕ್ಕಿ, ಹೊಸ ರಥ ಸಿದ್ಧವಾಗಿ, 2022ರ ಆಷಾಢದಲ್ಲಿ ಮತ್ತೆ ತೇರು ಹರಿಯಿತು. ನವದಂಪತಿಗಳು ಹಣ್ಣುಜವನ ಎಸೆಯಲು ಸೇರುವ ಆ ಜಾತ್ರೆಯಲ್ಲಿ, ರಥದ ಮರಗೆಲಸವನ್ನು ನಿಂತು ನೋಡಿ ಬರೆದುಕೊಳ್ಳುವ ನಾಲ್ಕು ಮಕ್ಕಳಿದ್ದರೆ ಏನು ಚೆನ್ನ! ನರಸಮಂಗಲದಲ್ಲಿ ಗಂಗರ ಕಾಲದ ದೇವಾಲಯದ ಇಟ್ಟಿಗೆಯ ಗೋಪುರದ ಮೇಲೆ ಗಾರೆಯ ಬೊಂಬೆಗಳಿವೆ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಒಂದೇ ಕಲ್ಲಿನಿಂದ ಕಡೆದ ಬಳೆಗಳ ಸರಪಣಿ ತೂಗುವುದು. ಅದನ್ನು ಬರೆಯಲು ಕೂತ ಮಗುವಿಗೆ ಯಾವ ಬಳೆ ಮುಂದೆ, ಯಾವುದು ಹಿಂದೆ ಎಂಬುದೇ ಅರ್ಧ ದಿನದ ಕೆಲಸ.

ಚಾಮರಾಜನಗರದ ಕರಿಕಲ್ಲಿಗೆ ಹೊರದೇಶಗಳಲ್ಲೆಲ್ಲ ಗಿರಾಕಿಗಳುಂಟು. ಕರಿಕಲ್ಲಿನ ಮಾತು ಬಂದದ್ದರಿಂದ ಒಂದು ಕಥೆ. ವಿಯೆಟ್ನಾಂ ಯುದ್ಧದಲ್ಲಿ ಮಡಿದ ಸೈನಿಕರ ಸ್ಮಾರಕಕ್ಕಾಗಿ ಅಮೆರಿಕೆಯಲ್ಲಿ 1981ರಲ್ಲಿ ಸ್ಪರ್ಧೆ ನಡೆದಾಗ 1,421 ನಕ್ಷೆಗಳು ಬಂದವು. ಹೆಸರುಗಳನ್ನು ಮರೆಮಾಡಿ ಆರಿಸಿದಾಗ ಗೆದ್ದದ್ದು ಮಾಯಾ ಲಿನ್ ಎಂಬ 21 ವರ್ಷದ ವಿದ್ಯಾರ್ಥಿನಿಯ ನಕ್ಷೆ. ತರಗತಿಯ ಅಭ್ಯಾಸಕ್ಕೆಂದು ಅವಳು ಮಾಡಿದ್ದ ಕೆಲಸ ಅದು. ಕಾಲೇಜಿನಲ್ಲಿ ಅದಕ್ಕೆ ಸಿಕ್ಕಿದ್ದು 'ಬಿ' ದರ್ಜೆಯಷ್ಟೇ ಎಂಬುದು ಪ್ರಸಿದ್ಧ ಕಥೆ. 1982ರಲ್ಲಿ ವಾಷಿಂಗ್‌ಟನ್ನಿನಲ್ಲಿ ಎದ್ದ ಆ ಗೋಡೆಯ ಕರಿಕಲ್ಲು ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಕಲ್ಲನ್ನು ಕಳುಹಿಸುವ ನಾಡು ನಕ್ಷೆಯನ್ನೂ ಕಳುಹಿಸಬಲ್ಲದು ಎಂದು ನಮ್ಮ ಮಕ್ಕಳಿಗೆ ಹೇಳುವವರು ಬೇಕು.

ಕಾಡಿನ ಕಡೆಗೆ ತಿರುಗಿದರೆ ಲಂಟಾನ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದು ದೇಶಕ್ಕೆ ತಂದ ಈ ಪೊದೆ ಇಂದು ಬಂಡೀಪುರ, ಬಿಳಿಗಿರಿ, ಮಲೆಮಹದೇಶ್ವರ ಬೆಟ್ಟದ ಕಾಡುಗಳನ್ನು ನುಂಗುತ್ತಿದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ ಕುರ್ಚಿ, ಬುಟ್ಟಿ, ಆಟಿಕೆಗಳನ್ನು ಮಾಡಲು ಕಲಿತರು. ಬಂಡೀಪುರ, ಮುದುಮಲೆಗಳ ಕಾಡು ದಾಟಿದರೆ ಸಿಗುವ ಗೂಡಲೂರಿನಲ್ಲಿ ಆದಿವಾಸಿ ಕುಶಲಕರ್ಮಿಗಳು ನಿಜಗಾತ್ರದ ಆನೆಗಳನ್ನೇ ಈ ಕಡ್ಡಿಯಿಂದ ಕಟ್ಟಿದರು. 2021ರಲ್ಲಿ ಆ ಆನೆಗಳ ಹಿಂಡು ಲಂಡನ್ನಿನ ಉದ್ಯಾನಗಳಲ್ಲಿ ನಿಂತು ಜನರನ್ನು ಬೆರಗುಗೊಳಿಸಿತು.

ಹೊಟ್ಟೆ ತುಂಬುವ ಪ್ರಶ್ನೆ

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಹತ್ತಿರದ ಉತ್ತರವೊಂದುಂಟು: ಎಸ್.ಎಸ್.ಎಲ್.ಸಿ. ವಿಜ್ಞಾನ ಪತ್ರಿಕೆಯಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಪ್ರಶ್ನೆಗಳು ವರ್ಷವರ್ಷವೂ ಬರುವುವು. ಹೃದಯವನ್ನು ಬದನೆಕಾಯಿಯಂತೆ ಬರೆದವನಿಗೆ ಅಂಕ ಹೋಗುವುದು. ಇದು ನಿಜವಾದರೂ ಸಣ್ಣ ಉತ್ತರ. ಚಿತ್ರಕಲೆಯನ್ನು ವಿಜ್ಞಾನದ ಮನೆಗೆಲಸದವಳನ್ನಾಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ದೊಡ್ಡ ಉತ್ತರವನ್ನು ಪ್ರಾಮಾಣಿಕವಾಗಿ ಹೇಳಬೇಕು. ಚಿತ್ರಗಾರನಾಗಿಯೇ ಬದುಕುವವರು ಕೆಲವರು. ಅವರಲ್ಲಿ ನೆಮ್ಮದಿಯಾಗಿ ಬದುಕುವವರು ಇನ್ನೂ ಕೆಲವರು. ಆದರೆ ಬಟ್ಟೆಯ ನಕ್ಷೆ, ಪುಸ್ತಕದ ಪುಟ, ಔಷಧದ ಡಬ್ಬಿ, ಮೊಬೈಲಿನ ಪರದೆ, ಮನೆಯ ಒಳಾಂಗಣ, ಸಿನಿಮಾದ ಸೆಟ್ಟು, ಇವೆಲ್ಲಕ್ಕೂ ವಿನ್ಯಾಸಕಾರರು ಬೇಕು. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲೆಗಳ ಅಕಾಡೆಮಿ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ, ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಕೇಂದ್ರವಿದೆ. ರಾಷ್ಟ್ರಮಟ್ಟದ ವಿನ್ಯಾಸ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಕೇಳುವುದು ಉರು ಹೊಡೆದ ಉತ್ತರವನ್ನಲ್ಲ. ನೋಡುವ ಕಣ್ಣನ್ನು, ಯೋಚಿಸಿ ಬರೆಯುವ ಕೈಯನ್ನು. ನಗರದ ಮಕ್ಕಳು ಅದಕ್ಕಾಗಿ ಸಾವಿರಾರು ರೂಪಾಯಿ ತೆತ್ತು ತರಬೇತಿಗೆ ಸೇರುವರು. ಗುಂಡ್ಲುಪೇಟೆಯ ಸರ್ಕಾರಿ ಪ್ರೌಢಶಾಲೆಯ ಹುಡುಗಿಗೆ ಆ ತರಬೇತಿ ಸಿಗಬಹುದಾದ ಒಂದೇ ಸ್ಥಳ ವಾರಕ್ಕೆರಡು ಸಲ ಬರುವ ಆ ಪೀರಿಯಡ್ಡು. ಅದನ್ನು ಗಣಿತಕ್ಕೆ ಕೊಟ್ಟುಬಿಟ್ಟರೆ ಅವಳ ಪಾಲಿಗೆ ಅಂಥ ಶಾಲೆಗಳು ಇರುವ ಸುದ್ದಿಯೇ ಮುಟ್ಟುವುದಿಲ್ಲ. ಹುಡುಗಿಯರ ವಿಷಯವನ್ನು ಬೇರೆಯಾಗಿ ಹೇಳುವುದಕ್ಕೆ ಕಾರಣವಿದೆ. ಹತ್ತನೆಯ ತರಗತಿ ಮುಗಿಯುತ್ತಲೇ ಮದುವೆಯ ಮಾತು ಬರುವ ಮನೆಗಳು ಆ ಕಡೆ ಇನ್ನೂ ಇವೆ. ಕೈಯಲ್ಲೊಂದು ಪ್ರಮಾಣಪತ್ರ, ಮುಂದೆ ಸೇರಬಹುದಾದ ಶಾಲೆಯೊಂದರ ಹೆಸರು ಇದ್ದರೆ ತಂದೆಯೊಡನೆ ಮಾತಾಡಲು ಅವಳಿಗೊಂದು ಆಧಾರ ಸಿಗುವುದು.

ಇನ್ನು ಸ್ಪರ್ಧೆಗಳ ಮಾತು. ಸರ್ಕಾರದ ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆ, ರಂಗೋಲಿ, ಮಣ್ಣಿನ ಮಾದರಿ ಎಲ್ಲವೂ ಇವೆ, ಸಂತೋಷವೇ. ಆದರೆ ಬಹುಮಾನಕ್ಕಾಗಿ ಒಂದೇ ಚಿತ್ರವನ್ನು ಮನೆಯಲ್ಲಿ ಇಪ್ಪತ್ತು ಸಲ ತಿದ್ದಿಸಿ, ಸ್ಪರ್ಧೆಯ ದಿನ ಇಪ್ಪತ್ತೊಂದನೆಯ ಸಲ ಬರೆಸುವ ಉತ್ಸಾಹಿ ಪೋಷಕರನ್ನು ಕಂಡರೆ ಮಗುವಿನ ಬಗೆಗೆ ಮರುಕ ಬರುವುದು. ನಗರವಾಸಿಗಳಾದ ನಮ್ಮಲ್ಲಿಯೇ ಈ ರೋಗ ಹೆಚ್ಚು ಎಂಬುದನ್ನು ಒಪ್ಪಿಕೊಳ್ಳಬೇಕು.

ಚಿತ್ರಕ್ಕೆ ಅಂಕ ಕೊಡುವುದು ಹೇಗೆ ಎಂಬ ತೊಡಕು ಹಳೆಯದು. ಅನುಭವಸ್ಥ ಮೇಷ್ಟ್ರುಗಳು ಇದಕ್ಕೆ ಸುಲಭವಾದ ಉಪಾಯವೊಂದನ್ನು ಮಾಡುವರು. ಜೂನ್ ತಿಂಗಳ ಮೊದಲ ವಾರದಲ್ಲಿ ಪ್ರತಿಯೊಂದು ಮಗುವಿನಿಂದಲೂ ಅದೇ ಚೊಂಬನ್ನು ಬರೆಯಿಸಿ, ಹಿಂದೆ ಹೆಸರು ಮತ್ತು ತಾರೀಖು ಹಾಕಿಸಿ, ಹಾಳೆಗಳನ್ನೆಲ್ಲ ಕಟ್ಟಿ ಬೀರುವಿನಲ್ಲಿಡುವರು. ವರ್ಷದುದ್ದಕ್ಕೂ ಅದನ್ನು ಹೊರಗೆ ತೆಗೆಯುವುದಿಲ್ಲ. ಪರೀಕ್ಷೆಗೆ ಮುಂಚೆ ಮತ್ತೆ ಅದೇ ಚೊಂಬು, ಅದೇ ಮೇಜು, ಅಷ್ಟೇ ಹೊತ್ತು. ಬಳಿಕ ಪೋಷಕರ ಸಭೆಯ ದಿನ ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿ ಗೋಡೆಗೆ ಅಂಟಿಸುವರು. ಮಗನ ಲೆಕ್ಕದ ಅಂಕವನ್ನು ಕೇಳಲು ಬಂದ ತಂದೆ ಗೋಡೆಯ ಮುಂದೆ ನಿಂತು, ಜೂನ್ ತಿಂಗಳ ಸೊಟ್ಟ ಚೊಂಬನ್ನೂ ಮಾರ್ಚ್ ತಿಂಗಳ ದುಂಡನೆಯ ಚೊಂಬನ್ನೂ ನೋಡುವನು. ಬುಡದ ಗೆರೆ ಯಾವಾಗ ಬಾಗಿತು ಎಂದು ಮಗನನ್ನೇ ಕೇಳುವನು.